ಮದುವೆಗೆ ಕಪ್ಪು ಸೀರೆ ಉಡಬಹುದಾ? ಕಡುಬಣ್ಣ ಆರಿಸುವವರಿಗೆ ಒಂದಿಷ್ಟು ಮಾತು

ಪ್ರಶ್ನೆ: ನನಗೆ 27 ವರ್ಷ, ಊರು ದಾವಣಗೆರೆ. ಫೆಬ್ರವರಿಯಲ್ಲಿ ಮದುವೆ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಹುಡುಗನ ಮನೆ ಬಾಗಲಕೋಟೆ ಕಡೆ. ಕೆಂಪು, ಗುಲಾಬಿ ಸೀರೆ ನನಗೆ ಮೊದಲಿಂದಲೂ ಇಷ್ಟವಿಲ್ಲ. ಕಪ್ಪು ಅಥವಾ ಅದಕ್ಕೆ ಹತ್ತಿರದ ಕಡುಬಣ್ಣ ಉಡಬೇಕು ಅಂತ ಆಸೆ. ‘ಮದುವೆಗೆ ಕಪ್ಪಾ?’ ಅಂತ ಅಮ್ಮ ಮಾತು ಬಿಟ್ಟಿದ್ದಾರೆ. ‘ನೀನೇ ಕಪ್ಪು, ಮೇಲೆ ಕಪ್ಪು ಸೀರೆ ಉಟ್ಟರೆ ಫೋಟೋದಲ್ಲಿ ಹಲ್ಲು ಮಾತ್ರ ಕಾಣುತ್ತೆ’ ಅಂತಾರೆ ಚಿಕ್ಕಮ್ಮ. ಯಾವ ಸೀರೆ ತಗೊಳ್ಳಲಿ? ಬ್ಲೌಸ್, ಒಡವೆ, ಹೂವು, ಮೇಕಪ್ ಹೇಗಿರಬೇಕು?

ಉತ್ತರ: ಉಡಬಹುದು. ಧಾರಾಳವಾಗಿ ಉಡಬಹುದು. ಆದರೆ ನೀವೂ, ನಿಮ್ಮ ಅಮ್ಮನೂ, ಚಿಕ್ಕಮ್ಮನೂ ಸೀರೆಯ ಒಡಲಿನ ಬಣ್ಣ ಹಿಡಿದುಕೊಂಡೇ ಜಗಳ ಆಡುತ್ತಿದ್ದೀರಿ. ಕಡುಬಣ್ಣದ ಸೀರೆಯಲ್ಲಿ ಕೆಲಸ ಮಾಡೋದು ಅಂಚು, ಸೆರಗು ಮತ್ತು ಬ್ಲೌಸು. ಇವು ಮೂರು ಸರಿ ಕೂತರೆ ಒಡಲು ಎಷ್ಟೇ ಕಪ್ಪಿದ್ದರೂ ಮದುವೆ ಹೆಣ್ಣಿನ ಕಳೆ ಬರುತ್ತದೆ. ಇವು ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಮಂಕು.

ಮೊದಲು ಅಮ್ಮನ ವಿಷಯ ಮುಗಿಸೋಣ. ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿ ಸೀರೆ ಅಂತ ಒಂದಿದೆ. ಕಪ್ಪು ರೇಷ್ಮೆ, ಅದರ ಮೇಲೆ ಕಸೂತಿ. ಹಿಂದೆ ಮದುವೆ ಹೆಣ್ಣಿಗೆ ಈ ಸೀರೆ ಇರಲೇಬೇಕು ಅನ್ನುವ ರೂಢಿ ಆ ಕಡೆ ಇತ್ತು. ಅಂದರೆ ನೀವು ಕೇಳುತ್ತಿರುವುದು ಹೊಸ ಫ್ಯಾಷನ್ನೇ ಅಲ್ಲ, ನಿಮ್ಮ ಅತ್ತೆ ಮನೆ ಸೀಮೆಯ ಹಳೇ ಪದ್ಧತಿ. ಹುಡುಗನ ಅಜ್ಜಿ ಇದ್ದರೆ ಒಮ್ಮೆ ಕೇಳಿ ನೋಡಿ. ಅವರ ಪೆಟ್ಟಿಗೆಯಲ್ಲೇ ಒಂದು ಇದ್ದರೂ ಇರಬಹುದು. ಅಜ್ಜಿ ಬಾಯಿಂದ ‘ನಮ್ಮ ಕಾಲದಾಗ ಇದನ್ನ ಉಡತಿದ್ವಿ’ ಅಂತ ಒಂದು ಮಾತು ಬಂದರೆ ನಿಮ್ಮ ನೂರು ವಾದಕ್ಕೆ ಸಮ. ಅಷ್ಟಕ್ಕೂ ನಾಳೆ ನಿಮ್ಮ ಕೊರಳಿಗೆ ಬೀಳುವ ಕರಿಮಣಿಯ ಬಣ್ಣ ಯಾವುದು ಹೇಳಿ?

ಹಾಗಂತ ಇದನ್ನೇ ಹಿಡಿದು ಅಮ್ಮನ ಜೊತೆ ವಾದಕ್ಕೆ ಇಳಿಯಬೇಡಿ. ನಾನು ನೋಡಿದ ಮಟ್ಟಿಗೆ ಹಿರಿಯರಿಗೆ ಕಪ್ಪು ಇದೆ ಅನ್ನುವುದಕ್ಕಿಂತ ಕೆಂಪು ಇಲ್ಲ ಅನ್ನುವುದೇ ಜಾಸ್ತಿ ಕಾಡುತ್ತದೆ. ಎಲ್ಲೋ ಒಂದು ಕಡೆ ಕುಂಕುಮದ ಬಣ್ಣ ಕಂಡರೆ ಅರ್ಧ ಸಿಟ್ಟು ಇಳಿಯುತ್ತದೆ. ಇನ್ನೊಂದು ಮಾತು. ಧಾರೆ ಸೀರೆ ಯಾರು ತರುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. ಕೆಲವು ಮನೆಗಳಲ್ಲಿ ಹುಡುಗನ ಕಡೆಯವರು ತರುತ್ತಾರೆ, ಕೆಲವು ಕಡೆ ಸೋದರಮಾವ ಕೊಡುತ್ತಾರೆ. ಹಾಗಿದ್ದರೆ ಬಣ್ಣ ನಿಮ್ಮೊಬ್ಬರ ಕೈಯಲ್ಲಿಲ್ಲ. ಜವಳಿಗೆ ಹೊರಡುವ ಮುಂಚೆ, ಅಂಗಡಿಯ ಮೆಟ್ಟಿಲ ಮೇಲಲ್ಲ, ಮನೆಯಲ್ಲೇ ಕೂತು ಈ ಮಾತು ಆಡಿ. ಹತ್ತು ಜನ ನೆಂಟರ ಎದುರು ‘ನನಗೆ ಕಪ್ಪು ಬೇಕು’ ಅಂದರೆ ಕೆಲಸ ಕೆಟ್ಟ ಹಾಗೇ.

ನನ್ನ ಸಲಹೆ ಇಷ್ಟು. ಮುಹೂರ್ತಕ್ಕೆ ಕಡು ಒಡಲು, ಕೆಂಪು ಅಂಚು-ಸೆರಗು ಇರುವ ಸೀರೆ. ಆರತಕ್ಷತೆಗೆ ಅಪ್ಪಟ ಕಪ್ಪು. ಎರಡೂ ಹೊತ್ತು ಅಚ್ಚ ಕಪ್ಪೇ ಬೇಕು ಅಂತ ಹಠ ಹಿಡಿದರೆ ಎರಡೂ ತಪ್ಪಿಹೋಗುವ ಸಾಧ್ಯತೆ ಇದೆ.

ಮುಹೂರ್ತಕ್ಕೆ ಇಳಕಲ್ ಸೀರೆಗಿಂತ ಒಳ್ಳೇದು ನನಗೆ ಕಾಣುತ್ತಿಲ್ಲ. ನೀವು ಬಾಗಲಕೋಟೆ ಸೊಸೆ ಆಗುವವರು ಅಂತ ಮಾತ್ರ ಹೇಳುತ್ತಿಲ್ಲ. ಆ ಸೀರೆಯ ಕಟ್ಟೇ ನಿಮ್ಮ ಸಮಸ್ಯೆಗೆ ಹೇಳಿ ಮಾಡಿಸಿದ ಹಾಗಿದೆ. ಇಳಕಲ್‌ನಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಒಡಲು ಯಾವ ಬಣ್ಣದ್ದಾದರೂ ತೋಪು ತೆನೆ ಅಂತ ಕರೆಯುವ ಅದರ ಸೆರಗು ಕೆಂಪಾಗಿಯೇ ಬರುತ್ತದೆ, ಬಿಳಿ ತೆನೆಗಳ ಜೊತೆ. ಕಪ್ಪು ಒಡಲಿನ ಸೀರೆ ಉಟ್ಟರೂ ಎದೆ, ಹೆಗಲು, ಬೆನ್ನು ಕೆಂಪು. ಮಂಟಪದಲ್ಲಿ ಕೂತಾಗ ಜನರಿಗೆ ಕಾಣುವುದೂ, ಫೋಟೋದಲ್ಲಿ ಬರುವುದೂ ಆ ಭಾಗವೇ ಅಲ್ವಾ? ಅಮ್ಮನ ಕಣ್ಣಿಗೆ ಕೆಂಪು ಸಿಕ್ಕಿತು, ನಿಮಗೆ ಕಪ್ಪು ಸಿಕ್ಕಿತು. ಆ ಕಡೆ ಮದುವೆ ಹೆಣ್ಣಿಗೆ ಗಿರಿಕುಂಕುಮ ಅನ್ನುವ ಕಡುಗೆಂಪು ಬಣ್ಣದ ಇಳಕಲ್ ಉಡಿಸುವ ಪದ್ಧತಿಯೂ ಇದೆ. ಅತ್ತೆ ಮನೆಯವರು ಅದನ್ನೇ ತಂದರೆ ಬೇಸರ ಮಾಡಿಕೊಳ್ಳಬೇಡಿ. ಅಂಗಡಿಯ ಗುಲಾಬಿಗೆಂಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಮ್ಮೆ ಮೈಮೇಲೆ ಹಾಕಿಕೊಂಡು ನೋಡಿ.

ಇಳಕಲ್ ಅಂತ ಮಾರುವುದೆಲ್ಲ ರೇಷ್ಮೆ ಅಲ್ಲ, ಇದನ್ನು ನೆನಪಿಡಿ. ಒಡಲು ಹತ್ತಿ, ಸೆರಗು ಆರ್ಟ್ ಸಿಲ್ಕ್ ಇರುವುದೂ ಇದೆ, ಪೂರಾ ರೇಷ್ಮೆಯದೂ ಇದೆ. ಮದುವೆಗೆ ಪೂರಾ ರೇಷ್ಮೆಯದೇ ಕೇಳಿ. ಅಂಚಿನಲ್ಲಿ ಗೋಮಿ, ಚಿಕ್ಕಿ ಪರಾಸು ಅಂತ ಬಗೆಬಗೆ ಇವೆ. ಕಪ್ಪು ಒಡಲಿಗೆ ಅಗಲ ಅಂಚಿನದು ತಗೊಳ್ಳಿ, ಸಣ್ಣ ಅಂಚು ದೂರದಿಂದ ಕಾಣುವುದೇ ಇಲ್ಲ.

ಕಂಚಿ ಬೇಕೇಬೇಕು ಅಂದರೆ ಅಚ್ಚ ಕಪ್ಪಿನ ಬದಲು ಎರಡು ಬಣ್ಣ ಆಡುವ ಸೀರೆ ನೋಡಿ. ಹಾಸಿನ ಎಳೆ ಕಪ್ಪು, ಅಡ್ಡ ಹೋಗುವ ಹೊಕ್ಕಿನ ಎಳೆ ಕೆಂಪೋ ಹಸಿರೋ ಇರುತ್ತದೆ. ನೀವು ಅಲುಗಾಡಿದಾಗ ಮಡಿಕೆಯ ಮೇಲೆ ಒಳಗಿನ ಬಣ್ಣ ಮಿಂಚಿ ಹೋಗುತ್ತದೆ. ನೇರಳೆ, ಬಾಟಲ್ ಗ್ರೀನ್, ನವಿಲು ನೀಲಿ ಹೀಗೆ ಬಂದಾಗ ತುಂಬಾ ಚೆಂದ. ಅಂಚನ್ನು ಬೇರೆ ಲಾಳಿಯಲ್ಲಿ ನೇಯ್ದು ಒಡಲಿಗೆ ಕೂಡಿಸುವ ಕೊರವೈ ಕೆಲಸದ್ದಾದರೆ ಒಡಲಿಗೂ ಅಂಚಿಗೂ ಗೆರೆ ಎಳೆದ ಹಾಗೆ ಬಣ್ಣ ಬೇರೆಯಾಗಿ ನಿಲ್ಲುತ್ತದೆ. ಕಡುಬಣ್ಣಕ್ಕೆ ಅದೇ ಬೇಕಾದದ್ದು. ಮೈಸೂರು ಸಿಲ್ಕ್ ಬಗ್ಗೆಯೂ ಒಂದು ಮಾತು. 1912ರಿಂದ ನಡೆದು ಬಂದಿರುವ ಆ ಕ್ರೇಪ್ ರೇಷ್ಮೆ ಮೈಗೆ ಅಂಟಿಕೊಂಡ ಹಾಗೆ ಇಳಿಬೀಳುತ್ತದೆ. ಸರ್ಕಾರಿ ಕಾರ್ಖಾನೆಯ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಇರುತ್ತದೆ. ಒಳ್ಳೆಯ ಸೀರೆಯೇ. ಆದರೆ ಕ್ರೇಪ್ ಹೊಳೆಯುವುದಿಲ್ಲ, ಬೆಳಕನ್ನು ಕುಡಿದುಬಿಡುತ್ತದೆ. ಕಡು ಮೈಸೂರು ಸಿಲ್ಕ್ ಹಗಲಿನ ಬೆಳಕಿಗೆ ಚೆಂದ, ರಾತ್ರಿ ಸ್ಟೇಜಿನ ಮೇಲೆ ಸಪ್ಪೆ. ನಾನಾದರೆ ಅದನ್ನು ಬೀಗರ ಊಟದ ದಿನಕ್ಕೆ ಎತ್ತಿಡುತ್ತೇನೆ.

ಇನ್ನು ಆರತಕ್ಷತೆ. ಅಲ್ಲಿ ಚಂದ್ರಕಾಳಿಯನ್ನೇ ಮಾಡಿಸಿ. ಕಪ್ಪು ರೇಷ್ಮೆಯ ಮೇಲೆ ಕೈ ಕಸೂತಿ, ಕೆಂಪು, ಹಳದಿ, ಹಸಿರು, ಬಿಳಿ ದಾರದಲ್ಲಿ. ಗೋಪುರ, ತೇರು, ಆನೆ, ತುಳಸಿ ಕಟ್ಟೆ ಹೀಗೆ ನಕ್ಷೆ ನೀವೇ ಆರಿಸಿಕೊಳ್ಳಬಹುದು. ಆದರೆ ಈಗಲೇ ಹೇಳಿ ಬರಬೇಕು, ಮದುವೆ ಒಂದು ತಿಂಗಳಿದೆ ಅನ್ನುವಾಗ ಆಗುವ ಮಾತಲ್ಲ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಕಣ್ಣಿಗೆ ಸಿಗುವುದೇ ಕಷ್ಟ, ಹಾಗಾಗಿ ಬೇರೆ ಬಣ್ಣಕ್ಕಿಂತ ಹೊತ್ತು ಜಾಸ್ತಿ ಹಿಡಿಯುತ್ತದೆ. ಮೈ ತುಂಬಾ ಬೇಡ, ಸೆರಗು ಮತ್ತು ಅಂಚಿನ ಮೇಲೆ ಒತ್ತಾಗಿ, ಒಡಲಲ್ಲಿ ಅಲ್ಲೊಂದು ಇಲ್ಲೊಂದು ಚಿಕ್ಕಿ ಇದ್ದರೆ ಸಾಕು.

ಕೈ ಕೆಲಸವೋ ಮೆಷಿನ್ನೋ ಅಂತ ಗುರುತಿಸುವುದು ಸುಲಭ. ಸೆರಗನ್ನು ಮಗುಚಿ ಹಿಂಬದಿ ನೋಡಿ. ಕಸೂತಿಯಲ್ಲಿ ಗವಂತಿ, ಮುರ್ಗಿ, ಮೆಂತೆ ಅಂತ ಹೊಲಿಗೆಯ ಬಗೆಗಳಿವೆ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ತರಹ ಕಾಣಬೇಕು, ದಾರದ ಗಂಟು ಇರಬಾರದು. ಮುರ್ಗಿಯೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ ಎರಡೂ ಕಡೆ ಅಚ್ಚುಕಟ್ಟು. ಹಿಂದೆ ಬಿಳಿ ದಾರದ ಜಾಲ, ಅಂಟಿಸಿದ ಕಾಗದದಂಥ ಪದರ ಕಂಡರೆ ಅದು ಮೆಷಿನ್. ಮೆಂತೆ ಹೊಲಿಗೆಯ ಹಿಂಬದಿ ಮಾತ್ರ ಮುಂದಿನ ಹಾಗೆ ಇರುವುದಿಲ್ಲ, ಅದನ್ನು ನೋಡಿ ಮೋಸ ಅಂದುಕೊಳ್ಳಬೇಡಿ.

ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿ. ಒಂದು, ಒದ್ದೆ ಬಿಳಿ ಕರ್ಚೀಫು. ಸೀರೆಯ ಒಳತುದಿಯಲ್ಲಿ, ಯಾರಿಗೂ ಕಾಣದ ಕಡೆ, ಮೆಲ್ಲಗೆ ಒತ್ತಿ ನೋಡಿ. ಅಂಗಡಿಯವರನ್ನು ಕೇಳಿಯೇ ಮಾಡಿ. ಬಿಳಿಗೆ ಕಪ್ಪು ಹತ್ತಿತು ಅಂದರೆ ಮದುವೆ ದಿನ ಬೆವರಿಗೆ ಅದೇ ಕಪ್ಪು ನಿಮ್ಮ ಸೊಂಟಕ್ಕೆ, ಬ್ಲೌಸಿಗೆ ಹತ್ತುತ್ತದೆ. ಎರಡು, ಬೆಳಕು. ಟ್ಯೂಬ್‌ಲೈಟಿನ ಕೆಳಗೆ ನೇವಿ ಬ್ಲೂ ಅಂತ ಕಂಡದ್ದು ಮದುವೆ ಮನೆಯ ಹಳದಿ ದೀಪದಲ್ಲಿ ಕಪ್ಪಾಗಿ ಕಾಣುತ್ತದೆ. ಬಾಟಲ್ ಗ್ರೀನೂ ಅಷ್ಟೇ. ವೈನ್ ಬಣ್ಣ ಕೆಟ್ಟ ಬಿಳಿ ಎಲ್‌ಇಡಿಯಲ್ಲಿ ಕಾಫಿ ಪುಡಿ ಬಣ್ಣಕ್ಕೆ ತಿರುಗುತ್ತದೆ. ಸೀರೆಯನ್ನು ಬಾಗಿಲ ತನಕ ತಂದು ಬಿಸಿಲಿಗೆ ಹಿಡಿಯಿರಿ, ಆಮೇಲೆ ಫೋನಿನಲ್ಲಿ ಫ್ಲಾಶ್ ಹಾಕಿಯೂ ಹಾಕದೆಯೂ ಎರಡು ಫೋಟೋ ತೆಗೆಯಿರಿ. ಅಪ್ಪಟ ರೇಷ್ಮೆ ಅಂತ ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ಅಂತ ನೋಡುವುದು ಹೇಗೂ ಇದ್ದದ್ದೇ.

ಬ್ಲೌಸಿಗೆ ಬನ್ನಿ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕಪ್ಪು ಸೀರೆಗೆ ಕಪ್ಪು ಬ್ಲೌಸು ಹಾಕಿಕೊಂಡರೆ ಸಿನಿಮಾ ಪಾರ್ಟಿಗೆ ಸರಿ. ಮದುವೆಯಲ್ಲಿ ಏನಾಗುತ್ತದೆ ಅಂದರೆ, ತಾಳಿ ಕಟ್ಟಿದ ಮೇಲೆ ಕರಿಮಣಿ ಸರ ಆ ಕಪ್ಪು ಬಟ್ಟೆಯ ಮೇಲೆ ಮಾಯವಾಗಿಬಿಡುತ್ತದೆ. ಮದುವೆ ಫೋಟೋದಲ್ಲಿ ಕರಿಮಣಿಯೇ ಕಾಣಲ್ಲ ಅಂದರೆ ಆ ಮಾತು ಹತ್ತು ವರ್ಷ ನಿಲ್ಲುತ್ತದೆ. ಅದಕ್ಕೇ ಬ್ಲೌಸು ಬೇರೆ ಬಣ್ಣ ಇರಲಿ. ಇಳಕಲ್‌ಗೆ ಗುಳೇದಗುಡ್ಡದ ಖಣ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆ, ಇದ್ದೇ ಇದೆ, ಅದೂ ಬಾಗಲಕೋಟೆ ಜಿಲ್ಲೆಯದೇ. ಕೆಂಪು ಅಥವಾ ಸಾಸಿವೆ ಹಳದಿ ಖಣ ಕಪ್ಪು ಒಡಲಿಗೆ ಒಪ್ಪುತ್ತದೆ. ಖಣದ ಅಗಲ ಕಡಿಮೆ. ಮೊಣಕೈ ತನಕ ತೋಳು ಬೇಕಿದ್ದರೆ ಎಷ್ಟು ಬೇಕು ಅಂತ ಟೈಲರ್ ಹತ್ತಿರ ಕೇಳಿಕೊಂಡು ಆಮೇಲೆ ತಗೊಳ್ಳಿ. ಖಣದ ಅಂಚು ತೋಳಿನ ತುದಿಗೆ ಬರಬೇಕು, ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಕತ್ತರಿಸಿ ಒಳಗೆ ಹಾಕಿಬಿಡುತ್ತಾರೆ. ಆರತಕ್ಷತೆಗೆ ಕಪ್ಪು ಬ್ಲೌಸೇ ಬೇಕು ಅಂದರೆ ಹಾಕಿ, ಆದರೆ ಕೊರಳು ಅಗಲ ಇಡಿಸಿ. ಒಡವೆ ಚರ್ಮದ ಮೇಲೆ ಕೂರಲಿ, ಬಟ್ಟೆಯ ಮೇಲೆ ಬೇಡ.

ಸಣ್ಣ ಸಂಗತಿಗಳು ಕೆಲವಿವೆ. ಫಾಲ್ ಬಟ್ಟೆ ಸೀರೆಯ ಬಣ್ಣದ್ದೇ ಇರಲಿ, ಮೊದಲು ನೀರಿನಲ್ಲಿ ಅದ್ದಿ ಒಣಗಿಸಿ ಹಾಕಿಸಿ. ಒಳಲಂಗ ಕಪ್ಪು. ಕುಚ್ಚು ಕಟ್ಟಿಸುವಾಗ ಕಪ್ಪಿನ ಮೇಲೆ ಕಪ್ಪು ಬೇಡ, ಕೆಂಪು ಮತ್ತು ಜರಿ ಬೆರೆಸಿ ಕಟ್ಟಿಸಿ. ಇಸ್ತ್ರಿಯನ್ನು ಕಡುರೇಷ್ಮೆಯ ಮೇಲೆ ನೇರ ಇಟ್ಟರೆ ಹೊಳಪಿನ ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ. ಮೇಲೊಂದು ಹತ್ತಿ ಬಟ್ಟೆ ಹಾಸಿ ಮಾಡಿ.

ಸೀರೆ ಉಡಿಸುವವರಿಗೆ ಒಂದು ಮಾತು ಹೇಳಿಡಿ. ಕಡುಬಣ್ಣದಲ್ಲಿ ನೆರಿಗೆ ಕ್ಯಾಮೆರಾಗೆ ಸಿಗುವುದಿಲ್ಲ. ಈಗಿನ ಹಾಗೆ ಬಾಚಣಿಗೆ ಹಲ್ಲಿನಷ್ಟು ಸಣ್ಣ ನೆರಿಗೆ ಹಿಡಿದು ಸೆರಗನ್ನು ಪಟ್ಟಿ ಮಾಡಿ ಪಿನ್ ಹೊಡೆದರೆ ತೋಪು ತೆನೆಯ ಅಂದವೆಲ್ಲ ಮಡಿಕೆಯೊಳಗೆ ಹೋಗುತ್ತದೆ. ಅಗಲ ನೆರಿಗೆ ಹಿಡಿಯಲಿ, ಅಥವಾ ಸೆರಗನ್ನು ಹಾಗೇ ಬಿಚ್ಚಿ ಬಿಡಲಿ. ಆರತಕ್ಷತೆಯಲ್ಲಿ ನಿಂತೇ ಇರುತ್ತೀರಿ, ಕಸೂತಿ ಸೆರಗನ್ನು ಬಲಗಡೆಯಿಂದ ಮುಂದಕ್ಕೆ ತಂದು ಹರಡಿದರೆ ಇಡೀ ಕೆಲಸ ಕಾಣುತ್ತದೆ.

ಮುಹೂರ್ತದ ಹೊತ್ತಿಗೆ ಮಡಿಲ ಮೇಲೆ ಒಂದು ದಪ್ಪ ಟವೆಲು ಬೇಕು. ಧಾರೆ ಎರೆಯುವಾಗ ಹಾಲು, ನೀರು ಕೈಯಿಂದ ಜಾರಿ ಸೀದಾ ನೆರಿಗೆಯ ಮೇಲೆ ಬೀಳುತ್ತದೆ. ಕಪ್ಪು ರೇಷ್ಮೆಯ ಮೇಲೆ ಹಾಲಿನ ಹನಿ ಒಣಗಿದರೆ ಬಿಳಿ ವೃತ್ತ. ಅದೇ ಅರಿಶಿನ ಕುಂಕುಮ ಬಿದ್ದರೆ ತಿಳಿ ಬಣ್ಣದ ಸೀರೆಯ ಹಾಗೆ ಎದ್ದು ಕಾಣುವುದಿಲ್ಲ, ಅದೊಂದು ಲಾಭ. ವಿಭೂತಿ, ಮುಖಕ್ಕೆ ಹಾಕುವ ಪೌಡರ್, ಟವೆಲಿನ ನೂಲು ಇವೆಲ್ಲ ಕಪ್ಪಿನ ಮೇಲೆ ಕಾಣುತ್ತವೆ. ಗೆಳತಿಯ ಚೀಲದಲ್ಲಿ ಒಂದು ಸೆಲೋ ಟೇಪ್ ಇರಲಿ, ಕೈಗೆ ಸುತ್ತಿಕೊಂಡು ಒತ್ತಿ ತೆಗೆದರೆ ಆಯಿತು. ಹೋಮ ಇದ್ದರೆ ನೈಲಾನ್ ನೆಟ್, ಪಾಲಿಯೆಸ್ಟರ್ ಆರ್ಗಾಂಜಾ ಹಾಕಿಕೊಂಡು ಹತ್ತಿರ ಕೂರಬೇಡಿ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ರೇಷ್ಮೆಯಲ್ಲಿ ಆ ಭಯ ಕಡಿಮೆ.

ಒಡವೆಗೆ ಒಂದೇ ನಿಯಮ: ಬೇರೆ ಬೇರೆ ಕಾಲದ್ದನ್ನು ಕಲಸಬೇಡಿ. ಇಳಕಲ್ ಜೊತೆ ಕೊರಳಿಗೆ ಬೋರಮಾಳ, ಟೀಕಿ, ಕಾಸಿನ ಸರ, ಸೊಂಟಕ್ಕೆ ಡಾಬು. ಕಪ್ಪು ಒಡಲಿನ ಮೇಲೆ ಡಾಬು ಬೆಳಗುವ ಹಾಗೆ ಬೇರೆ ಯಾವ ಬಣ್ಣದ ಮೇಲೂ ಬೆಳಗುವುದಿಲ್ಲ. ಕೊರಳಿಗೆ ಎರಡು ಒಡವೆ ಕಡಿಮೆ ಮಾಡಿಯಾದರೂ ಡಾಬು ಹಾಕಿ. ಹಳದಿ ಚಿನ್ನ ಕಪ್ಪಿಗೆ ಚೆಂದ, ಮಾಸಿದ ಆಂಟಿಕ್ ಬಣ್ಣದ್ದು ಕಡುಬಣ್ಣದಲ್ಲಿ ಅಡಗಿಹೋಗುತ್ತದೆ. ಆರತಕ್ಷತೆಗೆ ಮುತ್ತು ಅಥವಾ ಕೆಂಪು ಹರಳು, ಎರಡರಲ್ಲಿ ಒಂದು. ಕೈಗೆ ಹಸಿರು ಗಾಜಿನ ಬಳೆ ಇದ್ದೇ ಇರುತ್ತವೆ, ಕಪ್ಪಿಗೆ ಅವು ಚೆನ್ನಾಗಿ ಕಾಣುತ್ತವೆ. ಬಾಟಲ್ ಗ್ರೀನ್ ಸೀರೆಯಾದರೆ ಮಾತ್ರ ಮಧ್ಯೆ ಮಧ್ಯೆ ಚಿನ್ನದ ಬಳೆ ಸೇರಿಸಿ.

ಹೂವಿನಲ್ಲಿ ಜಿಪುಣತನ ಮಾಡಬೇಡಿ. ಕಪ್ಪು ಸೀರೆಯ ಬೆನ್ನ ಮೇಲೆ ಬಿಳಿ ಮೊಗ್ಗಿನ ಜಡೆ ಇಳಿದರೆ ನೋಡಲು ಎರಡು ಕಣ್ಣು ಸಾಲದು. ನಿಮ್ಮ ಸೀಮೆಗೆ ಹಡಗಲಿ ಮಲ್ಲಿಗೆ ಹತ್ತಿರ. ತೊಂದರೆ ಏನೆಂದರೆ ಮಲ್ಲಿಗೆಯ ಸುಗ್ಗಿ ಬೇಸಿಗೆಗೆ. ಫೆಬ್ರವರಿಯಲ್ಲಿ ಮೊಗ್ಗು ಕಡಿಮೆ, ರೇಟು ಜಾಸ್ತಿ. ಹೂವಿನವರಿಗೆ ಮೊದಲೇ ಹೇಳಿಡಿ. ಸಿಗದಿದ್ದರೆ ಕಾಕಡದ ಜಡೆ ಕಟ್ಟಿಸಿ, ನಡುವೆ ಕನಕಾಂಬರ. ಬಟ್ಟೆಯ ಹೂವು, ಪ್ಲಾಸ್ಟಿಕ್ ಹೂವು ಮಾತ್ರ ಬೇಡವೇ ಬೇಡ. ಕಪ್ಪಿನ ಮೇಲೆ ಅದರ ಬಡತನ ಎದ್ದು ಕಾಣುತ್ತದೆ.

ಈಗ ಚಿಕ್ಕಮ್ಮನ ಮಾತಿಗೆ ಉತ್ತರ. ಹಲ್ಲು ಮಾತ್ರ ಕಾಣುವ ಫೋಟೋ ಬರುವುದು ಮೈಬಣ್ಣದಿಂದ ಅಲ್ಲ, ಹಿಂದಿನ ಪರದೆಯಿಂದ. ಕಡು ಮರೂನ್ ವೆಲ್ವೆಟ್ ಪರದೆ, ಕಪ್ಪು ಬ್ಯಾಕ್‌ಡ್ರಾಪ್, ಅದರ ಮುಂದೆ ಕಪ್ಪು ಕೂದಲು, ಕಪ್ಪು ಸೀರೆ. ಎಲ್ಲ ಒಂದರೊಳಗೊಂದು ಸೇರಿಕೊಂಡರೆ ಕ್ಯಾಮೆರಾ ಏನು ಮಾಡೀತು? ಡೆಕೋರೇಷನ್‌ನವರಿಗೆ ಹೇಳಿ ಹಿಂದೆ ತಿಳಿ ಬಣ್ಣ ಹಾಕಿಸಿ: ಬಿಳಿ, ಹಳದಿ ಸೇವಂತಿಗೆ, ಬಾಳೆ ಎಲೆ ಹಸಿರು. ಫೋಟೋದವರಿಗೆ ‘ಸೀರೆ ಕಪ್ಪು, ಹಿಂದಿನಿಂದ ಒಂದು ಲೈಟ್ ಇಡಿ’ ಅಂತ ಮುಂಚೆಯೇ ತಿಳಿಸಿ. ಆ ಬೆಳಕು ತಲೆ, ಹೆಗಲಿನ ಅಂಚಿಗೆ ಗೆರೆ ಹಾಕಿದ ಹಾಗೆ ಬೀಳುತ್ತದೆ. ಹುಡುಗನಿಗೆ ಕಪ್ಪು ಸೂಟು ಬೇಡ. ಇಬ್ಬರೂ ಕಪ್ಪಾದರೆ ಕೈ ಯಾರದು ಅಂತ ಹುಡುಕಬೇಕಾಗುತ್ತದೆ. ಅವರಿಗೆ ಕೆನೆ ಬಣ್ಣದ ರೇಷ್ಮೆ ಪಂಚೆ-ಶಲ್ಯ, ಇಲ್ಲವೇ ಬೂದಿ ಬಣ್ಣದ ಸೂಟು.

ಮೇಕಪ್‌ನವರು ನಿಮ್ಮನ್ನು ಎರಡು ಶೇಡ್ ಬೆಳ್ಳಗೆ ಮಾಡಲು ಹೊರಟರೆ ಅಲ್ಲೇ ತಡೆಯಿರಿ. ಕಡುಬಣ್ಣದ ಸೀರೆಯಲ್ಲಿ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಮುಖ ಬೂದಿ, ಕೈ ಕಂದು, ಸೀರೆ ಕಪ್ಪು. ಟ್ರಯಲ್ ದಿನ ಫೌಂಡೇಶನ್ ಅನ್ನು ದವಡೆಯಿಂದ ಕೊರಳಿಗೆ ಎಳೆದು ನೋಡಿ, ಗೆರೆ ಕಾಣಬಾರದು. ಆ ಟ್ರಯಲ್‌ಗೆ ಕಪ್ಪು ಬಟ್ಟೆಯನ್ನೇ ಹೆಗಲಿಗೆ ಹಾಕಿಕೊಂಡು ಕೂರಿ. ಸನ್‌ಸ್ಕ್ರೀನ್ ಅಂಶ ಜಾಸ್ತಿ ಇರುವ ಕ್ರೀಮು, ಕೊನೆಗೆ ಉದುರಿಸುವ ಬಿಳಿ ಪೌಡರ್ ಎರಡೂ ಫ್ಲಾಶ್‌ಗೆ ಮುಖವನ್ನು ಸುಣ್ಣ ಬಳಿದ ಹಾಗೆ ತೋರಿಸುತ್ತವೆ, ಫ್ಲಾಶ್ ಹಾಕಿ ಒಂದು ಫೋಟೋ ತೆಗೆಸಿದರೆ ಗೊತ್ತಾಗುತ್ತದೆ. ತುಟಿಗೆ ಇಟ್ಟಿಗೆ ಕೆಂಪು, ದ್ರಾಕ್ಷಿ ಬಣ್ಣ. ತಿಳಿ ಗುಲಾಬಿ, ನ್ಯೂಡ್ ಬೇಡ. ಹಣೆಗೆ ದೊಡ್ಡ ಕೆಂಪು ಕುಂಕುಮ ಇಡಿ. ಎಣ್ಣೆಗಪ್ಪು ಮೈಬಣ್ಣ, ಕೆಂಪು ಸೆರಗು, ಕೆಂಪು ಕುಂಕುಮ, ಕೆಳಗೆ ಕಪ್ಪು ಒಡಲು. ಇಷ್ಟಿದ್ದರೆ ಚಿಕ್ಕಮ್ಮನೇ ಮೊದಲು ಸೆಲ್ಫಿ ಕೇಳುತ್ತಾರೆ.

ಆರತಕ್ಷತೆಗೆ ಲೆಹೆಂಗಾ ತಗೊಳ್ಳೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಪ್ಪು ವೆಲ್ವೆಟ್ ಲೆಹೆಂಗಾ ಅಂಗಡಿಯ ಬೊಂಬೆಯ ಮೇಲೆ ಅದ್ಭುತ. ಭಾರವೆಲ್ಲ ಸೊಂಟಕ್ಕೆ ಜೋತುಬೀಳುತ್ತದೆ, ಮೂರು ಗಂಟೆ ನಿಂತು ಕೈಮುಗಿಯುವಾಗ ಗೊತ್ತಾಗುತ್ತದೆ. ಸೆಖೆ ಬೇರೆ. ನಿಮ್ಮ ಕೈಯಲ್ಲಿ ಚಂದ್ರಕಾಳಿ ಇರುವಾಗ ಅದರ ಗೊಡವೆ ಯಾಕೆ?

ಮದುವೆ ಮುಗಿದ ಮೇಲೆ ಸೀರೆಗಳನ್ನು ಹಾಗೇ ಮಡಿಸಿ ಇಡಬೇಡಿ. ನೆರಳಿನಲ್ಲಿ ಒಂದು ದಿನ ಹರಡಿ ಬೆವರು ಆರಲಿ. ಹಾಲಿನ ಕಲೆ ಇದ್ದರೆ ಉಜ್ಜದೆ ಸೀದಾ ಡ್ರೈ ಕ್ಲೀನಿಂಗಿಗೆ ಕೊಡಿ, ಎಲ್ಲಿ ಕಲೆ ಅಂತ ತೋರಿಸಿ ಕೊಡಿ. ಆಮೇಲೆ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಕವರ್ ಬೇಡ. ನುಸಿಗುಳಿಗೆ ಜರಿಗೆ ತಾಗಬಾರದು. ಮೂರ್ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಕಡುರೇಷ್ಮೆ ಮಡಿಕೆಯ ಗೆರೆಯಲ್ಲೇ ಮೊದಲು ಬಿಳಿಚಿಕೊಳ್ಳುವುದು.